ಇನ್ನೂ ಕೆಲ್ಸ ಸಿಕ್ಕಿಲ್ವಾ? ಓಟಿಪಿ ಹಾಕಿ

ಹಬ್ಬಕ್ಕೆ ಅರಸೀಕೆರೆಗೆ ಹೋಗಿದ್ದೆ, ಚಿಕ್ಕಮ್ಮನ ಮನೆಗೆ. ಊಟ ಆದ ಮೇಲೆ ಜಗಲಿ ಮೇಲೆ ಕೂತಿದ್ದಾಗ ಅವರ ಮಗ ಮೊಬೈಲು ಹಿಡಿದು ಏನೋ ಒತ್ತುತ್ತಾ ಇದ್ದ. ಏನೋ ಅದು ಅಂದೆ.

"ಯುವನಿಧಿದು ಕಣಣ್ಣ. ಸ್ವಯಂಘೋಷಣೆ ಕೊಡ್ಬೇಕು. ಇಲ್ಲಾಂದ್ರೆ ದುಡ್ಡು ನಿಂತೋಗುತ್ತೆ."

"ಏನ್ ಕೇಳ್ತಾರೆ ಅದ್ರಲ್ಲಿ?"

"ಏನಿಲ್ಲ. ಇನ್ನೂ ಕೆಲ್ಸ ಸಿಕ್ಕಿಲ್ಲ, ಮುಂದೆ ಓದ್ತಾನೂ ಇಲ್ಲ ಅಂತ ಒಪ್ಕೊಂಡು ಓಟಿಪಿ ಹಾಕೋದು."

ಹಾಕಿದ. ಎರಡು ನಿಮಿಷವೂ ಹಿಡಿಯಲಿಲ್ಲ. ಒಳಗಿಂದ ಚಿಕ್ಕಮ್ಮ "ಆಯ್ತೇನೋ?" ಅಂದ್ರು. "ಆಯ್ತಮ್ಮ" ಅಂದ. ಕರೆಂಟ್ ಬಿಲ್ ಕಟ್ಟಿದಷ್ಟೇ ಸಲೀಸಾಗಿ ನನ್ನ ತಮ್ಮ, ಬಿ.ಕಾಂ. ಪಾಸಾದವನು, ತಾನು ನಿರುದ್ಯೋಗಿ ಅಂತ ಇನ್ನೊಂದು ಸಲ ಸರ್ಕಾರಕ್ಕೆ ಬರೆದುಕೊಟ್ಟು ಮೊಬೈಲನ್ನ ಜೇಬಿಗೆ ಹಾಕಿಕೊಂಡ.

ಯುವನಿಧಿ ಅಂದರೆ ಏನು ಅಂತ ಸರಿಯಾಗಿ ಗೊತ್ತಿಲ್ಲದವರಿಗೆ (ನಮ್ಮ ಆಫೀಸಿನ ಕ್ಯಾಬಿನಲ್ಲಿ ಇಂಥವರೇ ಹೆಚ್ಚು) ಚುಟುಕಾಗಿ ಹೇಳ್ತೀನಿ. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500. ಗರಿಷ್ಠ ಎರಡು ವರ್ಷ. ಅದರೊಳಗೆ ಕೆಲಸ ಸಿಕ್ಕರೆ ಅಲ್ಲಿಗೇ ನಿಲ್ಲುತ್ತೆ. 2023ರ ಡಿಸೆಂಬರ್ 26ಕ್ಕೆ ನೋಂದಣಿ ಶುರುವಾಗಿ 2024ರ ಜನವರಿ 12ಕ್ಕೆ ಶಿವಮೊಗ್ಗದಲ್ಲಿ ಮೊದಲ ಕಂತು ಬಿಡುಗಡೆಯಾಯ್ತು. ಐದು ಗ್ಯಾರಂಟಿಗಳಲ್ಲಿ ಐದನೆಯದು. ದುಡ್ಡು ಬರ್ತಾ ಇರಬೇಕಾದರೆ ಆಗಾಗ ಈ ಸ್ವಯಂಘೋಷಣೆ ಕೊಡಬೇಕು. ಯೋಜನೆ ಶುರುವಾದಾಗ ತಿಂಗಳು ತಿಂಗಳು ಕೊಡಿ ಅಂದಿದ್ದರು. ಸುಳ್ಳು ಹೇಳಿದರೆ ದಂಡ.

ನನ್ನ ತಕರಾರು ದುಡ್ಡಿನ ಮೇಲಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಈ ಲೇಖನದ ಅರ್ಧ ಓದಿ "ನಾನೂ ಅದೇ ಹೇಳೋದು, ಬಿಟ್ಟಿ ಭಾಗ್ಯ" ಅಂತ ವಾಟ್ಸಾಪಿಗೆ ಹಾಕೋ ಗೆಳೆಯರು ನನಗೂ ಇದ್ದಾರೆ. ಮೂರು ಸಾವಿರದಲ್ಲಿ ಯಾರೂ ಸೋಮಾರಿ ಆಗಲ್ಲ ಸ್ವಾಮೀ. ಅರಸೀಕೆರೆಯಿಂದ ಬೆಂಗಳೂರಿಗೆ ನಾಲ್ಕು ಇಂಟರ್‌ವ್ಯೂಗೆ ಬಂದು ಹೋಗಿ, ಮಧ್ಯಾಹ್ನ ಊಟ ಮಾಡಿ, ಒಂದೆರಡು ರಾತ್ರಿ ಪಿ.ಜಿ.ಯಲ್ಲಿ ಉಳಿದರೆ ಮೂರು ಸಾವಿರದಲ್ಲಿ ಎಷ್ಟು ಉಳಿಯುತ್ತೆ ಲೆಕ್ಕ ಹಾಕಿ. ನನ್ನ ಸಿಟ್ಟು ಆ ಪ್ರಶ್ನೆಯ ಮೇಲೆ. ಇಷ್ಟು ತಿಂಗಳಲ್ಲಿ ಸರ್ಕಾರ ಅವನನ್ನ ಮಾತಾಡಿಸಿರೋದು ಒಂದೇ ವಿಷಯಕ್ಕೆ: ನೀನಿನ್ನೂ ನಿರುದ್ಯೋಗಿ ತಾನೇ? ಹೋದ ತಿಂಗಳು ಎಲ್ಲಿ ಅರ್ಜಿ ಹಾಕಿದೆ, ಯಾರು ಬೇಡ ಅಂದರು, ಯಾಕೆ ಬೇಡ ಅಂದರು, ಈ ತಿಂಗಳು ಏನು ಮಾಡ್ತೀಯ, ಇದನ್ನ ಕೇಳೋ ಒಂದು ನರಪಿಳ್ಳೆ ಈ ವ್ಯವಸ್ಥೆಯಲ್ಲಿಲ್ಲ.

ಈ ವಿಷಯ ಬಂದಾಗ ನಮ್ಮ ಕ್ಯಾಂಟೀನಿನಲ್ಲಿ ಎರಡು ಪಕ್ಷ ಆಗುತ್ತೆ. ಒಂದು ಪಕ್ಷದವರು "ದುಡ್ಡು ಕೊಡ್ತೀರಾ, ಸರಿ, ಕಟ್ಟುನಿಟ್ಟಾಗಿ ಚೆಕ್ ಮಾಡಿ, ಅರ್ಜಿ ಹಾಕದಿದ್ರೆ ಕಟ್ ಮಾಡಿ" ಅಂತಾರೆ. ಇನ್ನೊಂದು ಪಕ್ಷದವರು, ಒಳ್ಳೆ ಮನಸ್ಸಿನವರು, "ಅವರನ್ನ ಪ್ರಶ್ನೆ ಮಾಡೋದೇ ಅವಮಾನ, ದುಡ್ಡು ಕೊಟ್ಟು ಸುಮ್ಮನಿರಿ" ಅಂತಾರೆ. ಎರಡೂ ಪಕ್ಷದವರು ಫಿಲ್ಟರ್ ಕಾಫಿ ಮುಗಿಸಿ ತಮ್ಮ ತಮ್ಮ ಮ್ಯಾನೇಜರ್ ಜೊತೆ ವಾರದ ಒನ್-ಆನ್-ಒನ್ ಮೀಟಿಂಗಿಗೆ ಹೋಗ್ತಾರೆ. ಬೆಳಗ್ಗೆ ಸ್ಟ್ಯಾಂಡ್‌ಅಪ್‌ನಲ್ಲಿ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಎಲ್ಲಿ ಸಿಕ್ಕಿಹಾಕಿಕೊಂಡಿದೀನಿ ಅಂತ ಹೇಳಿರ್ತಾರೆ. ಒಂದೂವರೆ ಲಕ್ಷ ಸಂಬಳದ ನಮಗೆ ಬೆಳಗಾದರೆ ಯಾರಾದರೂ ಕೇಳದಿದ್ದರೆ ಕೆಲಸ ಸಾಗಲ್ಲ. ಇಪ್ಪತ್ತೆರಡು ವರ್ಷದ ಹುಡುಗ, ಮನೆಯಲ್ಲಿ ಒಬ್ಬನೇ ಕೂತು, ಜಗತ್ತಿನ ಅತ್ಯಂತ ಬೇಸರದ ಕೆಲಸವನ್ನ, ಅಂದರೆ ಕೆಲಸ ಹುಡುಕೋ ಕೆಲಸವನ್ನ, ತಾನಾಗೇ ಶಿಸ್ತಿನಿಂದ ಮಾಡಿಕೊಂಡು ಹೋಗಬೇಕಂತೆ.

ಇದನ್ನ ಇಷ್ಟು ಜೋರಾಗಿ ಹೇಳೋಕೆ ಕಾರಣ ಇದೆ. ನನಗೂ ಒಂದು ಸಲ ಕೆಲಸ ಹೋಗಿತ್ತು. ಕಂಪನಿ ಹೆಸರು ಬೇಡ. ಬುಧವಾರ ಬೆಳಗ್ಗೆ ಹದಿನೈದು ನಿಮಿಷದ ಕಾಲ್, ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ವಾಪಸ್. ಕೈಗೆ ಕೊಟ್ಟ ಕಾಗದಗಳಲ್ಲಿ ಔಟ್‌ಪ್ಲೇಸ್‌ಮೆಂಟ್ ಅಂತ ಒಂದು ಸಾಲಿತ್ತು. ಅಂದರೆ ತೆಗೆದುಹಾಕಿದವರಿಗೆ ಇನ್ನೊಂದು ಕೆಲಸ ಹುಡುಕೋಕೆ ನೆರವಾಗೋ ಒಂದು ಸಂಸ್ಥೆಗೆ ಕಂಪನಿಯೇ ಮೂರು ತಿಂಗಳ ಫೀಸು ಕಟ್ಟಿತ್ತು. ಒಂದು ದರ್ಜೆಯಿಂದ ಮೇಲಿನವರಿಗೆ ಮಾತ್ರ. ನಾನು ಸರಿಯಾಗಿ ಗೆರೆಯ ಮೇಲೆ ಇದ್ದೆ, ಸಿಕ್ತು.

ಪ್ರತಿ ಸೋಮವಾರ ಬೆಳಗ್ಗೆ ಎಂಟೂವರೆಗೆ ಒಬ್ಬರು ಮೇಡಂ ಫೋನ್ ಮಾಡೋರು. ಐವತ್ತು ದಾಟಿದವರು, ಹಿಂದೆ ಎಚ್‌.ಆರ್.ನಲ್ಲಿದ್ದವರು. ಮೊದಲ ವಾರ ನನ್ನ ರೆಸ್ಯೂಮೆ ನೋಡಿ "ಇದರಲ್ಲಿ ನಿಮ್ಮ ಟೀಮ್ ಏನು ಮಾಡ್ತು ಅಂತ ಇದೆ. ನೀವೇನು ಮಾಡಿದ್ರಿ?" ಅಂದ್ರು. ಎರಡನೇ ವಾರ ಒಂದು ಹಾಳೆ ತಗೊಳ್ಳಿ ಅಂದ್ರು. ಸೋಮವಾರದಿಂದ ಶುಕ್ರವಾರದವರೆಗೆ ಮನೆ ಎಳೆಸಿದ್ರು. ಯಾರಿಗೆ ಫೋನು, ಎಷ್ಟು ಗಂಟೆಗೆ, ಯಾವ ಕಂಪನಿಗೆ ಅರ್ಜಿ. ಮೂರನೇ ವಾರ ಶುರುವಾಯ್ತು ನೋಡಿ. "ಹೋದ ವಾರ ಐದು ಜನರ ಹತ್ರ ಮಾತಾಡ್ತೀನಿ ಅಂದಿದ್ರಿ. ಎಷ್ಟಾಯ್ತು?"

ನಾಲ್ಕು ಅಂದೆ.

"ಯಾರ್ಯಾರು?"

ಎರಡು ಹೆಸರು ಹೇಳೋಷ್ಟರಲ್ಲಿ ಬಾಯಿ ಒಣಗಿತು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಉಳಿದ ಎರಡನ್ನ ಇವತ್ತು ಹನ್ನೆರಡರೊಳಗೆ ಮಾಡಿ, ಮಾಡಿದ ಮೇಲೆ ನಂಗೊಂದು ಮೆಸೇಜ್ ಹಾಕಿ" ಅಂತ ಫೋನಿಟ್ಟರು. ಮೂವತ್ನಾಲ್ಕು ವರ್ಷದ, ಒಂಬತ್ತು ಜನರ ಟೀಮ್ ನಡೆಸಿದ ನಾನು ಹೋಮ್‌ವರ್ಕ್ ಮಾಡದ ನಾಲ್ಕನೇ ಕ್ಲಾಸಿನ ಹುಡುಗನ ಥರ ಮಂಚದ ಮೇಲೆ ಕೂತಿದ್ದೆ. ಸಿಟ್ಟು ಬಂತು. ಆದರೆ ಹನ್ನೊಂದೂವರೆಗೆ ಎರಡೂ ಕಾಲ್ ಮುಗಿಸಿದ್ದೆ. ಅದರಲ್ಲಿ ಒಂದು ಕಾಲ್‌ನಿಂದಲೇ ಈಗಿನ ಕೆಲಸ ಸಿಕ್ತು ಅಂದರೆ ಸಿನಿಮಾ ಥರ ಇರುತ್ತೆ. ಹಾಗೇನೂ ಆಗಲಿಲ್ಲ. ಕೆಲಸ ಸಿಕ್ಕಿದ್ದು ಹನ್ನೊಂದನೇ ವಾರ, ಬೇರೆ ಕಡೆಯಿಂದ. ಆದರೆ ಆ ಹನ್ನೊಂದು ವಾರದಲ್ಲಿ ಪ್ರತಿ ಭಾನುವಾರ ರಾತ್ರಿ ನಾಳೆ ಅವರಿಗೆ ಏನು ಹೇಳೋದು ಅಂತ ಯೋಚನೆ ಮಾಡಿ ನಾನು ಲ್ಯಾಪ್‌ಟಾಪ್ ತೆಗೆದಿದ್ದೀನಿ. ಅವರು ಇಲ್ಲದಿದ್ದರೆ ತೆಗೀತಿರಲಿಲ್ಲ.

ಕೆಲಸ ಇಲ್ಲದವನಿಗೆ ಟೈಮ್ ಜಾಸ್ತಿ ಇರುತ್ತೆ, ಹುಡುಕೋಕೆ ಏನು ಕಷ್ಟ ಅಂತ ಕೆಲಸ ಇರೋರು ಅಂದುಕೊಳ್ತಾರೆ. ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮಾರಿಯೆಂಟಾಲ್ ಅಂತ ಒಂದು ಊರು. ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆ ಮಿಲ್ಲು ಮಹಾ ಆರ್ಥಿಕ ಕುಸಿತದ ಹೊತ್ತಲ್ಲಿ ಮುಚ್ಚಿತು. ಮೂವರು ಸಂಶೋಧಕರು, ಯಹೋಡಾ, ಲಾಜರ್ಸ್‌ಫೆಲ್ಡ್ ಮತ್ತು ಝೈಸೆಲ್, ಅಲ್ಲಿಗೆ ಹೋಗಿ ನೋಡಿ 1933ರಲ್ಲಿ ಪುಸ್ತಕ ಬರೆದರು. ಊರಿನ ಲೈಬ್ರರಿಯಿಂದ ಜನ ತಗೊಂಡು ಹೋಗೋ ಪುಸ್ತಕ, ಓದೋಕೆ ದಿನಪೂರ್ತಿ ಪುರುಸೊತ್ತು ಸಿಕ್ಕ ಮೇಲೆ, ಹೆಚ್ಚಾಗೋದು ಬಿಟ್ಟು ಸುಮಾರು ಅರ್ಧಕ್ಕೆ ಇಳಿದಿತ್ತು. ಸಂಶೋಧಕರು ಮರೆಯಲ್ಲಿ ನಿಂತು ಬೀದಿಯಲ್ಲಿ ನಡೆಯೋರ ವೇಗ ಅಳೆದರು. ಗಂಡಸರು ನಿಧಾನ ಆಗಿದ್ದರು, ನಡೆಯುತ್ತಾ ನಡೆಯುತ್ತಾ ಸುಮ್ಮನೆ ನಿಂತುಬಿಡೋರು. ನಮ್ಮೂರಿನ ಬಸ್ ಸ್ಟ್ಯಾಂಡ್ ಹತ್ರದ ಟೀ ಅಂಗಡಿ ಮುಂದೆ ಡಿಗ್ರಿ ಮುಗಿಸಿದ ಹುಡುಗರು ಹೀಗೆ ನಿಂತಿರೋದನ್ನ ನೀವೂ ನೋಡಿದ್ದೀರ. ಅದನ್ನ ನಾವು ಸೋಮಾರಿತನ ಅಂತ ಕರೀತೀವಿ.

ಮೇಡಂ ಎಳೆಸಿದ ಮನೆಗಳಿಗೂ ಸಾಕ್ಷಿ ಇದೆ. ದಕ್ಷಿಣ ಆಫ್ರಿಕಾದಲ್ಲಿ ನಿರುದ್ಯೋಗಿ ಯುವಕರ ಜೊತೆ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2019ರಲ್ಲಿ ಪ್ರಕಟವಾಯ್ತು. ಕೆಲಸ ಹುಡುಕೋದು ಹೇಗೆ ಅಂತ ತಿಳಿಸೋ ಕಾರ್ಯಾಗಾರದ ಜೊತೆಗೆ, ಯಾವ ದಿನ ಏನು ಮಾಡ್ತೀನಿ ಅಂತ ವಾರದ ಯೋಜನೆಯನ್ನ ಅವರ ಕೈಯಲ್ಲೇ ಬರೆಸಿದರು. ಹೀಗೆ ಬರೆದವರು ಹಾಕಿದ ಅರ್ಜಿ ಶೇ. 15ರಷ್ಟು ಜಾಸ್ತಿ, ಬಂದ ಆಫರ್ ಶೇ. 30ರಷ್ಟು ಜಾಸ್ತಿ, ಕೆಲಸ ಸಿಕ್ಕಿದ್ದು ಶೇ. 26ರಷ್ಟು ಜಾಸ್ತಿ. ಹುಡುಕೋಕೆ ಕಳೆದ ಗಂಟೆಗಳು ಮಾತ್ರ ಹೆಚ್ಚಾಗಿರಲಿಲ್ಲ. ಅದೇ ಗಂಟೆಗಳಲ್ಲಿ ಬೇರೆ ಬೇರೆ ದಾರಿಯಲ್ಲಿ ಹುಡುಕಿದ್ದರು. ಮೊಬೈಲಿಗೆ ನೆನಪಿನ ಮೆಸೇಜ್ ಕಳಿಸಿದ್ದರಿಂದ ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಓಟಿಪಿ ಪ್ರಿಯರು ಈ ಕೊನೆಯ ವಾಕ್ಯವನ್ನ ಇನ್ನೊಂದು ಸಲ ಓದಬೇಕು.

ಈಗ ಕ್ಯಾಂಟೀನಿನ ಮೊದಲ ಪಕ್ಷದವರ ಕಡೆ ಬರ್ತೀನಿ. ಕಟ್ಟುನಿಟ್ಟಾಗಿ ಚೆಕ್ ಮಾಡಿ ಅನ್ನೋರು. ಚೆಕ್ ಮಾಡೋದನ್ನ ಬ್ರಿಟನ್ನಿನವರಿಗಿಂತ ಕಟ್ಟುನಿಟ್ಟಾಗಿ ಮಾಡಿದವರು ಕಡಿಮೆ. 1996ರಲ್ಲಿ ಅವರು ನಿರುದ್ಯೋಗ ಭತ್ಯೆಯ ಹೆಸರನ್ನೇ ಜಾಬ್‌ಸೀಕರ್ಸ್ ಅಲೊವನ್ಸ್ ಅಂತ ಬದಲಾಯಿಸಿ, ಕೆಲಸ ಹುಡುಕಿದ್ದಕ್ಕೆ ಪುರಾವೆ ಕೊಡಬೇಕು ಅನ್ನೋ ನಿಯಮವನ್ನ ಬಿಗಿ ಮಾಡಿದರು. ಭತ್ಯೆ ಪಟ್ಟಿಯಲ್ಲಿದ್ದವರ ಸಂಖ್ಯೆ ಸರ್ರನೆ ಇಳಿಯಿತು. ಸರ್ಕಾರಕ್ಕೆ ಖುಷಿ. ಆದರೆ ಲಂಡನ್ನಿನ ಅರ್ಥಶಾಸ್ತ್ರಜ್ಞ ಅಲನ್ ಮ್ಯಾನಿಂಗ್ 2009ರಲ್ಲಿ ಲೆಕ್ಕ ತೆಗೆದು ನೋಡಿದಾಗ, ಪಟ್ಟಿಯಿಂದ ಹೋದವರು ಕೆಲಸಕ್ಕೆ ಸೇರಿದ್ದಕ್ಕೂ, ಮೊದಲಿಗಿಂತ ಹೆಚ್ಚು ಹುಡುಕಿದ್ದಕ್ಕೂ ಆಧಾರ ಸಿಗಲಿಲ್ಲ. ಪಟ್ಟಿಯಿಂದ ಹೋದರು, ಅಷ್ಟೇ. ಆಮೇಲೆ ದಂಡ ಬೆಳೀತಾ ಹೋಗಿ, 2012ರಲ್ಲಿ ಭತ್ಯೆಯನ್ನ ಮೂರು ವರ್ಷದ ತನಕ ನಿಲ್ಲಿಸಬಹುದು ಅನ್ನೋವರೆಗೂ ಹೋಯಿತು. 2019ರಲ್ಲಿ ಅದನ್ನ ಅವರೇ ಕೈಬಿಟ್ಟರು. ಕೆನ್ ಲೋಚ್ ಅವರ 'ಐ, ಡೇನಿಯಲ್ ಬ್ಲೇಕ್' ಸಿನಿಮಾ ನೋಡಿದವರಿಗೆ ಆ ಕಚೇರಿಗಳು ಹೇಗಿದ್ದವು ಅಂತ ಬಿಡಿಸಿ ಹೇಳಬೇಕಿಲ್ಲ. ನೋಡದವರು ನೋಡಿ.

ನೆದರ್‌ಲ್ಯಾಂಡ್ಸ್‌ನಲ್ಲಿ ಆಗಿದ್ದು ಇನ್ನೂ ಸ್ವಾರಸ್ಯ. ಬೇಗ ಕೆಲಸ ಸಿಗೋ ಥರದ ನಿರುದ್ಯೋಗಿಗಳ ಮೇಲೆ ಕಣ್ಣಿಟ್ಟು ನೋಡಿದರು. ಅವರು ಅಧಿಕಾರಿಗೆ ತೋರಿಸೋಕೆ ಆಗೋ ಥರದ ಹುಡುಕಾಟ, ಅಂದರೆ ಜಾಹೀರಾತು ನೋಡಿ ಅರ್ಜಿ ಹಾಕೋದು, ಜಾಸ್ತಿ ಮಾಡಿದರು. ತೋರಿಸೋಕೆ ಆಗದ್ದು, ಅಂದರೆ ಪರಿಚಯದವರನ್ನ ಕೇಳೋದು, ಕಡಿಮೆ ಮಾಡಿದರು. ಕೆಲಸ ಸಿಗೋ ವೇಗ ಏನೂ ಬದಲಾಗಲಿಲ್ಲ. ನಮ್ಮಲ್ಲೂ ನಾಳೆ ತಿಂಗಳಿಗೆ ಹತ್ತು ಅರ್ಜಿಯ ಸ್ಕ್ರೀನ್‌ಶಾಟ್ ಅಪ್‌ಲೋಡ್ ಮಾಡಿ ಅಂದರೆ ಏನಾಗುತ್ತೆ? ಸೈಬರ್ ಸೆಂಟರಿನವನು ಹತ್ತಕ್ಕೆ ನೂರು ರೂಪಾಯಿ ತಗೊಂಡು ಮಾಡಿಕೊಡ್ತಾನೆ. ಈಗಿರೋ ಓಟಿಪಿಗಿಂತ ಅದು ದೊಡ್ಡ ಸುಳ್ಳು.

ಹಾಗಂತ ಎರಡನೇ ಪಕ್ಷದ ನನ್ನ ಒಳ್ಳೆ ಮನಸ್ಸಿನ ಗೆಳೆಯರು ಸಂಭ್ರಮ ಪಡೋ ಹಾಗಿಲ್ಲ. ಸ್ವಿಟ್ಜರ್‌ಲ್ಯಾಂಡಿನ ಒಂದು ಅಧ್ಯಯನ ನನಗೂ ಇಷ್ಟವಾಗದ ಒಂದು ಸಂಗತಿ ಹೇಳುತ್ತೆ. ನಿರುದ್ಯೋಗಿಯನ್ನ ಮೆಚ್ಚಿಸಿಕೊಂಡು, ಅವನು ಹೇಳಿದ್ದಕ್ಕೆಲ್ಲ ಹೂಂ ಅಂದುಕೊಂಡು ಹೋಗೋ ಸಲಹೆಗಾರರಿಗಿಂತ, ಅಗತ್ಯ ಬಿದ್ದಾಗ ಅವನ ಇಷ್ಟಕ್ಕೆ ವಿರುದ್ಧವಾಗಿಯೂ ತಳ್ಳೋ ಸಲಹೆಗಾರರ ಕೈಕೆಳಗಿನವರಿಗೆ ಕೆಲಸ ಸಿಕ್ಕಿದ್ದು ಹೆಚ್ಚು. ನನ್ನ ಸೋಮವಾರದ ಮೇಡಂ "ಪರವಾಗಿಲ್ಲ ಬಿಡಿ, ಮುಂದಿನ ವಾರ ಮಾಡಿ" ಅಂದಿದ್ದರೆ ನನಗೆ ತುಂಬಾ ಹಿತವಾಗಿರ್ತಿತ್ತು. ಅದೇ ದೇಶದ ಇನ್ನೊಂದು ಅಧ್ಯಯನ, ಭತ್ಯೆ ಕತ್ತರಿಸಿದಾಗ ಜನ ಬೇಗ ಕೆಲಸಕ್ಕೆ ಸೇರ್ತಾರೆ, ಆದರೆ ಆಮೇಲೆ ಅವರ ಸಂಪಾದನೆ ಕಡಿಮೆ ಇರುತ್ತೆ, ಸಿಕ್ಕಿದ್ದಕ್ಕೆ ಒಪ್ಪಿಕೊಂಡುಬಿಡ್ತಾರೆ ಅನ್ನುತ್ತೆ. ತಳ್ಳಬೇಕು. ಹೊಟ್ಟೆ ಮೇಲೆ ಹೊಡೆದು ತಳ್ಳಬಾರದು.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ಹಿಡಿಸಿದ್ದು ಅಮೆರಿಕದ ನೆವಾಡಾ ರಾಜ್ಯದಲ್ಲಿ ನಡೆದದ್ದು. 2009. ಆರ್ಥಿಕ ಕುಸಿತ ಜೋರಾಗಿದ್ದ ಕಾಲ, ಕ್ಯಾಸಿನೋ ಮತ್ತು ಕಟ್ಟಡ ಕೆಲಸ ನಂಬಿಕೊಂಡಿದ್ದ ರಾಜ್ಯ. ನಿರುದ್ಯೋಗ ಭತ್ಯೆ ತಗೊಳ್ಳೋರನ್ನ ಕಚೇರಿಗೆ ಕರೆಸಿ, ನೀವು ನಿಜವಾಗಿ ಹುಡುಕ್ತಾ ಇದೀರಾ ಅಂತ ವಿಚಾರಿಸೋದು ಬೇರೆ ರಾಜ್ಯಗಳಲ್ಲೂ ಇತ್ತು. ನೆವಾಡಾದಲ್ಲಿ ಹಾಗೆ ವಿಚಾರಿಸಿದ ಅದೇ ಸಿಬ್ಬಂದಿ, ಅದೇ ಮೇಜಿನ ಮೇಲೆ, ಅದೇ ಹೊತ್ತಿನಲ್ಲಿ ರೆಸ್ಯೂಮೆ ತಿದ್ದಿ, ಎಲ್ಲಿ ಕೆಲಸ ಇದೆ ಅಂತ ನೋಡಿ, ಮುಂದಿನ ಯೋಜನೆ ಮಾಡಿಕೊಟ್ಟು ಕಳಿಸಿದರು. ಯಾರನ್ನ ಕರೆಸಬೇಕು ಅನ್ನೋದನ್ನ ಲಾಟರಿ ಥರ ಆರಿಸಿದ್ದರಿಂದ ಹೋಲಿಸಿ ನೋಡೋಕೂ ಆಯ್ತು. ಕರೆಸಿದವರು ಉಳಿದವರಿಗಿಂತ ಸರಾಸರಿ ಸುಮಾರು ಮೂರು ವಾರ ಕಡಿಮೆ ಭತ್ಯೆ ತಗೊಂಡರು, ಸಂಪಾದನೆಯೂ ಹೆಚ್ಚಿತ್ತು. ಕೇಳೋನೂ ಸಹಾಯ ಮಾಡೋನೂ ಒಬ್ಬನೇ ಆಗಿದ್ದಾಗ, ಏನು ಮಾಡಿದೆ ಅನ್ನೋ ಪ್ರಶ್ನೆ ಪೊಲೀಸ್ ವಿಚಾರಣೆ ಥರ ಕೇಳಿಸಲ್ಲ. ಉತ್ತರ ಗೊತ್ತಾದರೆ ತಾನೇ ಮುಂದಿನ ಸಹಾಯ ಮಾಡೋಕಾಗೋದು? ಡಾಕ್ಟರು ಮಾತ್ರೆ ತಗೊಂಡ್ಯಾ ಅಂತ ಕೇಳಿದರೆ ನಾವು ಅವಮಾನ ಅಂದುಕೊಳ್ತೀವಾ?

ನಮಗೆ ಇದೇನೂ ಹೊಸ ಕಲ್ಪನೆ ಅಲ್ಲ. ಉದ್ಯೋಗ ವಿನಿಮಯ ಕೇಂದ್ರ ಅಂತ ಒಂದಿದೆ, ನೆನಪಿದೆಯಾ? ಎರಡನೇ ಮಹಾಯುದ್ಧ ಮುಗಿದು ಸೈನ್ಯದಿಂದ ವಾಪಸ್ ಬಂದವರಿಗೆ ಕೆಲಸ ಹುಡುಕಿಕೊಡೋಕೆ ಅಂತ 1945ರಲ್ಲಿ ಶುರುವಾಗಿದ್ದು. 1959ರಲ್ಲಿ ಒಂದು ಕಾಯಿದೆ ಬಂತು. ಖಾಲಿ ಇರೋ ಹುದ್ದೆಗಳನ್ನ ಕೇಂದ್ರಕ್ಕೆ ತಿಳಿಸೋದು ಕಡ್ಡಾಯ ಅಂತ. 25 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯಿಸುತ್ತಿತ್ತು. ತಿಳಿಸೋದು ಕಡ್ಡಾಯ, ಆದರೆ ಕೇಂದ್ರ ಕಳಿಸಿದವರನ್ನೇ ತಗೋಬೇಕು ಅಂತೇನೂ ಇರಲಿಲ್ಲ. ಹಾಗಾಗಿ ಕೇಂದ್ರ ಅಂದರೆ ಸರ್ಕಾರಿ ಕೆಲಸದ ಕ್ಯೂ ಅಂತಾಯ್ತು. ನಮ್ಮಪ್ಪ ಕಾರ್ಡು ಮಾಡಿಸಿ ಅದನ್ನ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟು, ಅವಧಿ ಮುಗಿಯೋ ಮುಂಚೆ ನವೀಕರಣ ಮಾಡಿಸ್ತಿದ್ರು. ಅಲ್ಲೂ ಕೇಳ್ತಿದ್ದಿದ್ದು ಇದೇ ಪ್ರಶ್ನೆ: ಇನ್ನೂ ಸಿಕ್ಕಿಲ್ವಾ? ಸೀಲು ಹೊಡೀತಿದ್ರು. ಈಗ ಸೀಲಿನ ಬದಲು ಓಟಿಪಿ ಬಂದಿದೆ. ಇದನ್ನ ಡಿಜಿಟಲ್ ಆಡಳಿತ ಅಂತಾರೆ.

ಆ ಕೇಂದ್ರ ಮಾಡಬೇಕಿದ್ದ ಕೆಲಸ ನಿಂತಿದೆ ಅಂದುಕೊಳ್ಳಬೇಡಿ. ಅದು ಖಾಸಗಿಯಾಗಿ, ಪುಕ್ಕಟೆಯಾಗಿ, ನಮ್ಮ ನಮ್ಮ ನಡುವೆ ಭರ್ಜರಿಯಾಗಿ ನಡೀತಾ ಇದೆ. ಊರಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ನಿಲ್ಲೋ ಮುಂಚೆ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತಾರಲ್ಲ, ಹಾಗೆ. ನಮ್ಮಲ್ಲಿ ಅದಕ್ಕೆ ರೆಫರಲ್ ಅಂತ ಹೆಸರು, ಟವೆಲ್ ಹಾಕಿದವನಿಗೆ ಬೋನಸ್ ಬೇರೆ. ನನ್ನ ಮೊದಲ ಕೆಲಸ ಸಿಕ್ಕಿದ್ದು ಕಾಲೇಜಿನ ಸೀನಿಯರ್ ಒಬ್ಬ ರೆಸ್ಯೂಮೆ ತಿದ್ದಿ, ಮ್ಯಾನೇಜರಿಗೆ ಕಳಿಸಿ, ಇಂಟರ್‌ವ್ಯೂ ಹಿಂದಿನ ರಾತ್ರಿ ಫೋನ್ ಮಾಡಿ "ಇದನ್ನ ಕೇಳ್ತಾರೆ, ಓದ್ಕೋ" ಅಂದಿದ್ದರಿಂದ. ಬಂಧು, ಕಾಲೇಜು, ಜಾತಿಯ ಹಾಸ್ಟೆಲ್ಲು, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು, ಇವೆಲ್ಲ ನಮ್ಮ ಪಾಲಿನ ಉದ್ಯೋಗ ವಿನಿಮಯ ಕೇಂದ್ರಗಳು. ಅಲ್ಲಿ ನೆರವೂ ಇದೆ, "ಏನಾಯ್ತೋ ಅರ್ಜಿ ಹಾಕಿದ್ದು?" ಅಂತ ಕೇಳೋ ಮಾವಂದಿರೂ ಇದ್ದಾರೆ. ಅರಸೀಕೆರೆಯ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನ ಕ್ಲಾಸ್‌ಮೇಟುಗಳೂ ಅರಸೀಕೆರೆಯಲ್ಲೇ, ಕೆಲಸವಿಲ್ಲದೆ, ಓಟಿಪಿ ಹಾಕ್ತಾ ಕೂತಿದ್ದಾರೆ. ಅವನಿಗೆ ಟವೆಲ್ ಹಾಕೋರು ಯಾರು? ನಾನಿದ್ದೀನಿ ಅಂತೀರಾ? ಅವನು ಪಾಸಾಗಿ ಎರಡು ವರ್ಷ ಆಗ್ತಾ ಬಂತು, ನಾನು ಅವನ ರೆಸ್ಯೂಮೆ ಕೇಳಿದ್ದು ಈ ಹಬ್ಬದಲ್ಲಿ. ಆ ಲೆಕ್ಕದಲ್ಲಿ ಸರ್ಕಾರಕ್ಕಿಂತ ನಾನೇನು ದೊಡ್ಡ ಮನುಷ್ಯ ಅಲ್ಲ.

ಇಲ್ಲಿ ಒಬ್ಬ ಓದುಗರು ಕೇಳ್ತಾರೆ, ಕೇಳಲೇಬೇಕು: ಬಸ್ಸಿನಲ್ಲಿ ಸೀಟೇ ಕಮ್ಮಿ ಇದ್ದರೆ? ಒಬ್ಬನಿಗೆ ಸೀಟು ಹಿಡಿದುಕೊಟ್ಟರೆ ಇನ್ನೊಬ್ಬ ನಿಂತುಕೊಳ್ತಾನೆ ತಾನೇ? ಇದು ಹುಸಿ ಪ್ರಶ್ನೆ ಅಲ್ಲ. ಫ್ರಾನ್ಸಿನಲ್ಲಿ ಇದನ್ನೇ ಪರೀಕ್ಷೆ ಮಾಡಿದರು, ಎಸ್ತರ್ ಡುಫ್ಲೊ ಇದ್ದ ತಂಡ. ಓದಿದ ಯುವಕರು, ಕನಿಷ್ಠ ಆರು ತಿಂಗಳಿಂದ ಕೆಲಸ ಇಲ್ಲದವರು. ಥೇಟ್ ನಮ್ಮ ಯುವನಿಧಿಯ ಹುಡುಗರೇ. ಅವರಲ್ಲಿ ಕೆಲವರಿಗೆ ಕೆಲಸ ಹುಡುಕೋಕೆ ವಿಶೇಷ ನೆರವು ಕೊಟ್ಟರು. ನೆರವು ಸಿಕ್ಕವರಿಗೆ ಬೇಗ ಕೆಲಸ ಸಿಕ್ತು. ಆದರೆ ಅದೇ ಊರಿನ, ನೆರವು ಸಿಗದವರ ಅವಕಾಶ ಅಷ್ಟರಮಟ್ಟಿಗೆ ಕಡಿಮೆ ಆಯ್ತು, ಕೆಲಸಗಳೇ ಕಡಿಮೆ ಇದ್ದ ಕಡೆ ಇನ್ನೂ ಹೆಚ್ಚು. ಫಲಿತಾಂಶ 2013ರಲ್ಲಿ ಬಂತು, ನಾನು ಹೇಳ್ತಿರೋ ಮಾತಿಗೆ ಇದಕ್ಕಿಂತ ದೊಡ್ಡ ಏಟು ಇಲ್ಲ. ಫೋನ್ ಮಾಡೋ ಮೇಡಂಗಳು ಹೊಸ ಕಾರ್ಖಾನೆ ಕಟ್ಟಲ್ಲ. ಅದನ್ನ ಕಟ್ಟಿಸೋ ಜವಾಬ್ದಾರಿಯಿಂದ ಸರ್ಕಾರ ತಪ್ಪಿಸಿಕೊಳ್ಳೋಕೆ ಇದನ್ನ ಬಳಸಬಾರದು.

ಆದರೂ ಎರಡು ಮಾತು. ಈಗಲೂ ಬಸ್ಸಿನಲ್ಲಿ ಸೀಟು ಹಿಡೀತಾನೇ ಇದ್ದಾರೆ, ನಾವೇ ಹಿಡೀತಾ ಇದ್ದೀವಿ. ಟವೆಲ್ ಇಲ್ಲದವನಿಗೂ ಒಂದು ಟವೆಲ್ ಕೊಟ್ಟಾಗ ಮಾತ್ರ "ಅಯ್ಯೋ, ಇನ್ನೊಬ್ಬರ ಸೀಟು ಹೋಗುತ್ತೆ" ಅಂತ ನ್ಯಾಯ ನೆನಪಾಗೋದು ಸರಿಯಾ? ಇನ್ನೊಂದು, ನಮ್ಮ ಪದವೀಧರರ ಸಮಸ್ಯೆಯ ಆಕಾರವೇ ವಿಚಿತ್ರವಾಗಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿ ಪ್ರಕಾರ ದೇಶದಲ್ಲಿ 25ರೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ. 42. ಮೂವತ್ತೈದು ದಾಟಿದ ಪದವೀಧರರಲ್ಲಿ ಶೇ. 5ಕ್ಕಿಂತ ಕಡಿಮೆ. ಅಂದರೆ ಕೊನೆಗೆ ಎಲ್ಲರೂ ಏನೋ ಒಂದು ಮಾಡ್ತಾರೆ. ಯಾವುದು, ಎಷ್ಟು ಸಂಬಳಕ್ಕೆ, ಎಷ್ಟು ವರ್ಷ ಕಳೆದ ಮೇಲೆ, ಪ್ರಶ್ನೆ ಅದು. ಇಪ್ಪತ್ತೆರಡರಿಂದ ಇಪ್ಪತ್ತೇಳರವರೆಗೆ ಕೆಪಿಎಸ್‌ಸಿ, ಪೊಲೀಸು, ಬ್ಯಾಂಕು ಅಂತ ಒಂದಾದ ಮೇಲೊಂದು ಪರೀಕ್ಷೆ ಬರೆದು, ಆಮೇಲೆ ಸಿಕ್ಕಿದ ಕಡೆ ಬಿಲ್ಲಿಂಗ್‌ಗೆ ಕೂರೋ ಹುಡುಗನಿಗೆ ಇಪ್ಪತ್ತಮೂರರಲ್ಲೇ ಯಾರಾದರೂ ಕೂರಿಸಿಕೊಂಡು "ಪರೀಕ್ಷೆ ಬರಿ, ಬೇಡ ಅನ್ನಲ್ಲ, ಜೊತೆಗೆ ಇದನ್ನೂ ನೋಡು" ಅನ್ನಬೇಕಿತ್ತು.

ಸರ್ಕಾರ ಏನೂ ಮಾಡಿಲ್ಲ ಅಂತಲೂ ಅಲ್ಲ. 2024ರ ಫೆಬ್ರವರಿಯಲ್ಲಿ ಅರಮನೆ ಮೈದಾನದಲ್ಲಿ ಯುವ ಸಮೃದ್ಧಿ ಸಮ್ಮೇಳನ ಅಂತ ದೊಡ್ಡ ಉದ್ಯೋಗ ಮೇಳ ಮಾಡಿದರು. ಯುವನಿಧಿಯವರಿಗೆ ಕೌಶಲ ತರಬೇತಿಯ ಮಾತೂ ಇದೆ. ಮೇಳ ಬೇಡ ಅನ್ನಲ್ಲ. ಆದರೆ ಮೇಳದ ಮಾರನೇ ದಿನ ಏನು? ರೆಸ್ಯೂಮೆ ಕೊಟ್ಟು ಬಂದ ಹುಡುಗನಿಗೆ ಆ ಕಂಪನಿಯಿಂದ ಫೋನ್ ಬಂತಾ, ಬರದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳೋಕೆ ಯಾರಿದ್ದಾರೆ? ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ ಕೆಲವು ಯುವಕರಿಗೆ ಕೆಲಸ ಹುಡುಕೋಕೆ ಬಸ್ ಚಾರ್ಜು ಕೊಟ್ಟರು. ಇನ್ನು ಕೆಲವರಿಗೆ ರೆಸ್ಯೂಮೆ, ಇಂಟರ್‌ವ್ಯೂ ಅಭ್ಯಾಸ, ಜೊತೆಗೆ ಅವರಿಗೆ ಏನು ಬರುತ್ತೆ ಅಂತ ಪರೀಕ್ಷೆ ಮಾಡಿ ಒಂದು ಸರ್ಟಿಫಿಕೇಟು. ಮೊದಮೊದಲು ಎರಡರಿಂದಲೂ ಒಳ್ಳೇದಾಯ್ತು. ನಾಲ್ಕು ವರ್ಷದ ನಂತರ ನೋಡಿದರೆ ಬಸ್ ಚಾರ್ಜಿನ ಗುಣ ಕರಗಿಹೋಗಿತ್ತು, ಎರಡನೆಯವರ ಸಂಪಾದನೆ ಮಾತ್ರ ಹೆಚ್ಚಿತ್ತು. ನನ್ನ ತಮ್ಮನಿಗೆ ಟ್ಯಾಲಿ ಚೆನ್ನಾಗಿ ಬರುತ್ತೆ. ಪಕ್ಕದ ಕೊಬ್ಬರಿ ಮಂಡಿಯವರ ಜಿಎಸ್‌ಟಿ ರಿಟರ್ನ್ ಅವನೇ ಹಾಕಿಕೊಡ್ತಾನೆ, ಪುಕ್ಕಟೆ. ರೆಸ್ಯೂಮೆ ತೆಗೆದು ನೋಡಿದರೆ ಅದೊಂದೂ ಇಲ್ಲ. ಹಾಬಿ ಅನ್ನೋ ಜಾಗದಲ್ಲಿ ಕ್ರಿಕೆಟ್ ಅಂತಿದೆ.

ದುಡ್ಡೆಲ್ಲಿದೆ ಅಂತೀರಾ? ಲೆಕ್ಕ ಹಾಕೋಣ. ನೂರು ಪದವೀಧರರಿಗೆ ತಿಂಗಳಿಗೆ ಮೂರು ಸಾವಿರದಂತೆ ಮೂರು ಲಕ್ಷ. ಆ ನೂರು ಜನಕ್ಕೆ ಒಬ್ಬ ಸಲಹೆಗಾರರನ್ನ 36,000 ಸಂಬಳಕ್ಕೆ ನೇಮಿಸಿದರೆ ಖರ್ಚು ಶೇ. 12 ಹೆಚ್ಚಾಗುತ್ತೆ. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂತರೆ ತಿಂಗಳಿಗೆ ನೂರು ಗಂಟೆ. ಉಳಿದ ಹೊತ್ತಲ್ಲಿ ಆಸುಪಾಸಿನ ಕಂಪನಿ, ಮಂಡಿ, ಆಸ್ಪತ್ರೆ, ಆಡಿಟರ್ ಆಫೀಸುಗಳಿಗೆ ಫೋನ್ ಮಾಡಿ ಎಲ್ಲಿ ಜನ ಬೇಕು ಅಂತ ವಿಚಾರಿಸಬಹುದು. ಜರ್ಮನಿಯಲ್ಲಿ 14 ಕಚೇರಿಗಳಲ್ಲಿ ಹೆಚ್ಚು ಸಲಹೆಗಾರರನ್ನ ತಗೊಂಡು ಒಬ್ಬೊಬ್ಬರ ಪಾಲಿಗೆ ಬರೋ ನಿರುದ್ಯೋಗಿಗಳ ಸಂಖ್ಯೆಯನ್ನ ಸುಮಾರು ನಲವತ್ತಕ್ಕೆ ಇಳಿಸಿದ್ದರು. ಆ ಊರುಗಳಲ್ಲಿ ನಿರುದ್ಯೋಗ ಇಳಿಯಿತು, ಜನ ಭತ್ಯೆ ತಗೊಳ್ಳೋ ಅವಧಿ ಕಮ್ಮಿಯಾಗಿ ಹೆಚ್ಚುವರಿ ಸಂಬಳದ ಖರ್ಚು ಅದರಲ್ಲೇ ಸರಿಹೋಯ್ತು. ನಮಗೆ ನಲವತ್ತು ಬೇಡ, ನೂರಕ್ಕೊಬ್ಬರು ಸಾಕು. ಆದರೆ ಅವರು ತಾಲ್ಲೂಕಿನಲ್ಲಿ ಕೂರಬೇಕು. ಜಿಲ್ಲಾ ಕೇಂದ್ರಕ್ಕೆ ಬಾ ಅಂದರೆ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಬಸ್ಸಿದೆ, ಹುಡುಗರಿಗೆ ಚಾರ್ಜು ಬೇಕು. ಎರಡು ಸಲ ಬರದಿದ್ದರೆ ದುಡ್ಡು ನಿಲ್ಲಿಸೋ ಬದಲು ಮನೆಗೆ ಫೋನ್ ಮಾಡಬೇಕು. ಮತ್ತೆ, ದಯವಿಟ್ಟು, ಇದಕ್ಕೊಂದು ಆ್ಯಪ್ ಮಾಡಬೇಡಿ.

ನೀವು ಏನು ಮಾಡಬಹುದು ಅಂತ ಕೇಳಿದರೆ, ಕಂಪನಿಯ ಸಿಎಸ್‌ಆರ್ ದಿನಕ್ಕೆ ಕೆರೆ ದಂಡೆಯಲ್ಲಿ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳೋ ಬದಲು ನೀವು ಓದಿದ ಊರಿನ ಕಾಲೇಜಿನಿಂದ ಇಬ್ಬರ ನಂಬರ್ ತಗೊಳ್ಳಿ. ಇದು ಸರ್ಕಾರ ಮಾಡಬೇಕಾದ ಕೆಲಸ ಅಂತ ಗೊತ್ತಿದ್ದೂ ಹೇಳ್ತಾ ಇದೀನಿ. ಮಾಡಿ ನೋಡಿದರೆ ಗೊತ್ತಾಗುತ್ತೆ, ಇದು ಎಷ್ಟು ಕಷ್ಟದ ಕೆಲಸ, ಯಾಕೆ ಇದಕ್ಕೆ ಸಂಬಳ ಕೊಟ್ಟು ಜನ ಇಡಬೇಕು ಅಂತ.

ಹಬ್ಬ ಮುಗಿಸಿ ಬಂದ ಮೇಲೆ ನಾನು ಸೋಮವಾರ ಎಂಟೂವರೆಗೆ ಅವನಿಗೆ ಫೋನ್ ಮಾಡ್ತೀನಿ. ಮೊದಲ ವಾರ ಹಾಳೆ ಮೇಲೆ ಮನೆ ಎಳೆಸಿದೆ. ಕೊಬ್ಬರಿ ಮಂಡಿಯ ಕೆಲಸ ರೆಸ್ಯೂಮೆಗೆ ಹತ್ತಿತು, ಕ್ರಿಕೆಟ್ ಇಳೀತು. ಎರಡನೇ ವಾರ ಹಾಸನದಲ್ಲಿ ಇಬ್ಬರು ಆಡಿಟರುಗಳನ್ನ ನೋಡಿ ಬಂದ. ಒಬ್ಬರು ಮಾರ್ಚ್ ಹತ್ತಿರ ಬಾ ಅಂದಿದ್ದಾರೆ, ಇನ್ನೊಬ್ಬರು ಒಳಗೇ ಬಿಡಲಿಲ್ಲ. ಮೂರನೇ ವಾರ ಎರಡು ಕಡೆ ಅರ್ಜಿ ಹಾಕ್ತೀನಿ ಅಂದಿದ್ದ. ಹಾಕಿದ್ಯಾ ಅಂದೆ.

"ಹೂಂ ಅಣ್ಣ, ಹಾಕ್ದೆ."

"ಎಲ್ಲೆಲ್ಲಿ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಹನ್ನೆರಡರೊಳಗೆ ಹಾಕು ಅಂದೆ.